ಧರೆಯ ಮೇಲಿನ ಹ್ಯಾಂಡಲ್

ಹೊಸನಗರದಿಂದ ಮಾಸ್ತಿಕಟ್ಟೆ ಕಡೆಗೆ ಹೋಗುವಾಗ ಒಂದು ತಿರುವು ಕಳೆದ ಮೇಲೆ ಎಡಗಡೆ ಒಂದು ಹಿಟ್ಟಿನ ಗಿರಣಿ ಸಿಗುತ್ತದೆ. ಗಿರಣಿಯ ಬೆನ್ನಿಗೆ ಕೆಂಪು ಮಣ್ಣಿನ ಧರೆ, ಗುಡ್ಡ ಕಡಿದಾಗ ಉಳಿದ ಕಡಿದಾದ ದಿಬ್ಬ. ಧರೆಯ ಮೇಲೆ ಜೋಡಿ ಕಂಬ ನಿಲ್ಲಿಸಿ, ತುದಿಯಲ್ಲಿ ಮೂರು ತಂತಿಗೂ ಸೇರಿಸಿ ಒಂದು ಸ್ವಿಚ್ಚು ಕೂರಿಸಿದ್ದಾರೆ. ಅದರ ಹ್ಯಾಂಡಲ್ ಮಾತ್ರ ಕೆಳಗೆ, ನಿಂತವನ ಎದೆಯ ಮಟ್ಟದಲ್ಲಿ ಇದೆ. ಅದನ್ನು ಕೆಳಗೆ ಎಳೆದರೆ ಮೇಲೆ ಮೂರು ಕಬ್ಬಿಣದ ಕೈಗಳು ಬಿಟ್ಟುಕೊಳ್ಳುತ್ತವೆ, ಅಲ್ಲಿಂದ ಮುಂದಿನ ಲೈನು ಸಾಯುತ್ತದೆ. ಮೇಲೆ ತಳ್ಳಿದರೆ ಕೈಗಳು ಕೂಡಿಕೊಳ್ಳುತ್ತವೆ, ಲೈನಿಗೆ ಜೀವ ಬರುತ್ತದೆ. ಮುಂದೆ ಗುಡ್ಡದ ಆಚೆ ಯಾರಾದರೂ ಕಂಬದ ಮೇಲಿದ್ದರೆ ಆ ಹ್ಯಾಂಡಲ್ ಕೆಳಗೇ ಇರಬೇಕು. ಇದಿಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ನಾನು ಲೈನಿನ ಕೆಲಸದವನಲ್ಲ. ಮನೆ ಮನೆಗೆ ಹೋಗಿ ಮೀಟರ್ ನೋಡಿ ಬಿಲ್ಲು ಕೊಡುವವನು. ಹುಟ್ಟಿದ್ದು ಕೋಣಂದೂರಿನ ಹತ್ತಿರ, ಸಂಸಾರ ಸಾಗರದಲ್ಲಿ, ಅನ್ನ ಹೊಸನಗರದ್ದು. ನನ್ನನ್ನು ಹಳ್ಳಿಗಳಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ‘ಬಿಲ್ಲಿನೋರು ಬಂದ್ರು’ ಅನ್ನುತ್ತಾರೆ. ಕೆಲವರು ನಾಯಿ ಕಟ್ಟುತ್ತಾರೆ, ಕೆಲವರು ಕಟ್ಟುವುದಿಲ್ಲ.

ಒಂದು ಬೇಸಗೆಯಲ್ಲಿ ನಮ್ಮನ್ನೆಲ್ಲ ಸಾಗರಕ್ಕೆ ತರಬೇತಿಗೆ ಕರೆಸಿದ್ದರು. ಕಲ್ಯಾಣ ಮಂಟಪದಲ್ಲಿ ಕುರ್ಚಿ ಹಾಕಿ, ಫ್ಯಾನಿನ ಕೆಳಗೆ ಕೂರಿಸಿ, ಒಬ್ಬರು ಮೈಕು ಹಿಡಿದು ಮಾತಾಡಿದರು. ಒಳ್ಳೆಯ ಮಾತುಗಾರರು. ಕೆಲಸದಲ್ಲಿ ಸಿಗದೇ ಇದ್ದದ್ದನ್ನು ಎಣಿಸಬೇಡಿ, ಸಿಕ್ಕಿದ್ದನ್ನು ನೆನೆಯಿರಿ ಎಂದರು. ಮಲಗುವ ಮೊದಲು ಆ ದಿನ ನಿಮಗೆ ಉಪಕಾರ ಮಾಡಿದವರನ್ನು ಮನಸ್ಸಿಗೆ ತಂದುಕೊಂಡು ಕೈ ಮುಗಿಯಿರಿ ಎಂದರು. ನಾನು ಅದನ್ನು ಮಾಡಿ ನೋಡಿದೆ. ಸುಳ್ಳು ಹೇಳುವುದಿಲ್ಲ, ನನಗೆ ಅದರಿಂದ ಒಳ್ಳೆಯದಾಯಿತು. ಅಲ್ಲಿಯವರೆಗೆ ಬೈದವರ ಮುಖವನ್ನೇ ತಲೆಯಲ್ಲಿ ಹೊತ್ತುಕೊಂಡು ಮನೆಗೆ ಹೋಗುತ್ತಿದ್ದೆ. ಆಮೇಲೆ ಮಜ್ಜಿಗೆ ಕೊಟ್ಟ ಕೈಗಳು ನೆನಪಿಗೆ ಬರತೊಡಗಿದವು. ಮಜ್ಜಿಗೆ ಮೊದಲೂ ಕೊಡುತ್ತಿದ್ದರು, ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೇ.

ಆದರೆ ನನಗಿಂತ ಹೆಚ್ಚಾಗಿ ಅದನ್ನು ಮನಸ್ಸಿಗೆ ಹಚ್ಚಿಕೊಂಡವನು ನಮ್ಮ ಲೈನ್‌ಮನ್. ಅವನು ಮೊದಲಿನಿಂದಲೂ ನಗುಮುಖದವನು. ಮೊಣಕಾಲು ನೋವಿತ್ತು, ಅದನ್ನು ಹೇಳಿಕೊಳ್ಳುತ್ತಿರಲಿಲ್ಲ. ‘ಆಗ್ತದೆ ಬಿಡಿ’ ಅನ್ನುವುದು ಅವನ ಮಾತು. ತರಬೇತಿಯ ನಂತರ ಅವನು ಬೆಳಿಗ್ಗೆ ಆಫೀಸಿಗೆ ಬಂದು, ನಿನ್ನೆ ಯಾರಿಂದ ಏನು ಉಪಕಾರವಾಯಿತು ಎಂದು ಎದ್ದು ನಿಂತು ಹೇಳಲು ಶುರು ಮಾಡಿದ. ನಮ್ಮ ಸಾಹೇಬರಿಗೆ ಅದು ಬಹಳ ಹಿಡಿಸಿತು. ಎಲ್ಲರೂ ಹೇಳಬೇಕು ಎಂದು ಪದ್ಧತಿ ಮಾಡಿದರು. ಕೆಲಸಕ್ಕೆ ಹೊರಡುವ ಮೊದಲು ಪ್ರತಿಯೊಬ್ಬನೂ ಒಂದು ಒಳ್ಳೆಯ ಮಾತು.

ಮೊದಲು ಆ ಹೊತ್ತಿನಲ್ಲಿ ಬೇರೆ ಮಾತು ನಡೆಯುತ್ತಿತ್ತು. ಯಾವ ಕಂಬ ವಾಲಿದೆ, ಎಲ್ಲಿ ಕೊಂಬೆ ತಂತಿಗೆ ತಾಗುತ್ತಿದೆ, ಯಾರ ಗ್ಲೌಸು ತೂತು ಬಿದ್ದಿದೆ, ಇಂಥವು. ಆ ಮಾತುಗಳು ನಿಂತುಹೋಗಲಿಲ್ಲ, ಹಿಂದಕ್ಕೆ ಹೋದವು. ಹಾಗೆ ಹಿಂದಕ್ಕೆ ಹೋದ ಮಾತುಗಳು ಒಮ್ಮೊಮ್ಮೆ ಹೊರಡುವ ಗಡಿಬಿಡಿಯಲ್ಲಿ ಉಳಿದೇ ಹೋಗುತ್ತಿದ್ದವು.

‘ಇವತ್ತು ಯಾರಿಗೆ ಮಾರಾಯ ನಿನ್ನ ನಮಸ್ಕಾರ? ನಿನ್ನೆ ರಕ್ತ ಹೀರಿದ ಉಂಬಳಕ್ಕಾ?’ ಎಂದು ನಮ್ಮವರು ಅವನನ್ನು ಛೇಡಿಸುತ್ತಿದ್ದರು.

‘ಅದಕ್ಕೂ ಹೇಳಬೋದು. ನನ್ನ ರಕ್ತಕ್ಕೆ ಇನ್ನೂ ರುಚಿ ಇದೆ ಅಂತ ಗೊತ್ತು ಮಾಡ್ತಲ್ಲ’ ಎನ್ನುತ್ತಿದ್ದ.

ಅವನ ಜೊತೆಗಾರ ಇದಕ್ಕೆ ಪೂರ್ತಿ ಉಲ್ಟಾ. ಇಬ್ಬರೂ ಒಟ್ಟಿಗೆ ಲೈನಿಗೆ ಹೋಗುವವರು. ಒಬ್ಬ ಕಂಬ ಹತ್ತಿದರೆ ಇನ್ನೊಬ್ಬ ಕೆಳಗೆ ನಿಲ್ಲುವವನು. ಜೊತೆಗಾರ ನಕ್ಕಿದ್ದನ್ನು ನಾನು ನೋಡಿದ್ದು ಕಡಿಮೆ. ಎಲ್ಲದರ ಮೇಲೂ ಅನುಮಾನ. ಚಹಾ ಕೊಟ್ಟರೆ ಲೋಟ ಬೆಳಕಿಗೆ ಹಿಡಿದು ನೋಡುವ ಜಾತಿ. ಅವನ ಸರದಿ ಬಂದಾಗ ಕೂತಲ್ಲೇ ಹೇಳುತ್ತಿದ್ದ.

‘ನಂದೆಂತದೂ ಇಲ್ಲ. ಹಳ್ಳ ದಾಟೋ ಸಂಕದ ಹತ್ರದ ಕಂಬ ವಾಲಿದೆ. ಅದನ್ನ ಬರ್ಕೊಳಿ.’

‘ಅದು ಆಮೇಲೆ ನೋಡೋಣ. ಮೊದಲು ಒಂದು ಒಳ್ಳೇದು ಹೇಳಿ’ ಎಂದರು ಸಾಹೇಬರು.

‘ಕಂಬ ಇನ್ನೂ ಬಿದ್ದಿಲ್ಲ. ಅದೇ ಒಳ್ಳೇದು.’

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನನ್ನು ಹಿಂದಿನಿಂದ ‘ಅಪಶಕುನ’ ಎಂದು ಕರೆಯುತ್ತಿದ್ದರು. ಅವನಿಗೆ ಅದು ಗೊತ್ತಿತ್ತು.

ಗಿರಣಿಯವರ ವಿಷಯ ಈಗ ಹೇಳಬೇಕು. ಗಂಡ ಹೆಂಡತಿ ಇಬ್ಬರೇ ನಡೆಸುವ ಗಿರಣಿ ಅದು. ನಾವು ಗಿರಣಿಯವರು ಅನ್ನುವುದು ಗಂಡನಿಗೆ. ಅವರ ತಂದೆಯ ಕಾಲಕ್ಕೆ ಗೇಣಿಗೆ ಮಾಡುತ್ತಿದ್ದ ಗದ್ದೆ ಈಗ ಅವರದ್ದೇ. ಗದ್ದೆಯ ಜೊತೆಗೆ ರಸ್ತೆ ಬದಿಯಲ್ಲಿ ಈ ಗಿರಣಿ ಹಾಕಿಕೊಂಡಿದ್ದಾರೆ. ಹಿಂದಿನ ವರ್ಷ ಅವರ ಹೆಂಡತಿಗೆ ಎದೆಯ ಕಾಯಿಲೆಯಾಗಿ ತೀರ್ಥಹಳ್ಳಿ ಆಸ್ಪತ್ರೆಯಲ್ಲಿದ್ದು ಬಂದಿದ್ದರು. ಮನೆಗೆ ಬಂದ ಮೇಲೂ ಕೆಲವು ವಾರ ಉಸಿರಿಗೆ ಒಂದು ಯಂತ್ರ ಬೇಕಿತ್ತು. ಯಂತ್ರಕ್ಕೆ ಕರೆಂಟು ಬೇಕು. ಒಂದು ಸಂಜೆ ಗಾಳಿಗೆ ಮರ ಬಿದ್ದು ಲೈನು ಹೋಯಿತು. ನಮ್ಮ ಲೈನ್‌ಮನ್ ಬೇರೆಲ್ಲವನ್ನೂ ಬಿಟ್ಟು, ಜೊತೆಗಾರನನ್ನು ಎಳೆದುಕೊಂಡು ಹೋಗಿ, ಮೊದಲು ಆ ಲೈನನ್ನು ಎತ್ತಿ ನಿಲ್ಲಿಸಿದ. ಹೆಂಗಸು ಬದುಕಿದರು. ಈಗ ಯಂತ್ರವಿಲ್ಲದೆ ಓಡಾಡುತ್ತಾರೆ, ಗಿರಣಿಯ ಮುಂದೆ ಕೂತು ಅಕ್ಕಿ ಜರಡಿ ಹಿಡಿಯುತ್ತಾರೆ.

ಅಂದಿನಿಂದ ಗಿರಣಿಯವರಿಗೆ ನಮ್ಮ ಲೈನ್‌ಮನ್ ಅಂದರೆ ಮನೆಯವನಿಗಿಂತ ಹೆಚ್ಚು. ಆ ಕಡೆ ಕೆಲಸಕ್ಕೆ ಹೋದಾಗೆಲ್ಲ ಹೊರಡುವ ಮೊದಲು ಅವರಲ್ಲಿ ಕಾಫಿ ಕುಡಿದೇ ಹೊರಡಬೇಕು. ಅವರಿಗೆ ಅದೂ ಸಾಕಾಗಲಿಲ್ಲ. ಏನಾದರೂ ಮಾಡಬೇಕು, ಇನ್ನೂ ಏನಾದರೂ. ಮಾಡಲು ಅವರ ಕಣ್ಣಿಗೆ ಬಿದ್ದದ್ದು ಆ ಹ್ಯಾಂಡಲ್.

ಗುಡ್ಡದ ಆಚೆ ಫೋನು ಹಿಡಿಯುವುದಿಲ್ಲ. ಗಾಡಿ ಹೆಚ್ಚಿನ ದಿನ ಸಿಗುವುದಿಲ್ಲ. ಕೆಲಸ ಮುಗಿದ ಮೇಲೆ ಲೈನ್‌ಮನ್ ಸಾಮಾನು ಹೊತ್ತು ಗುಡ್ಡ ಹತ್ತಿ ಇಳಿದು, ಮತ್ತೆ ಆ ಜಾರುವ ಧರೆ ಹತ್ತಿ, ಹ್ಯಾಂಡಲ್ ಮೇಲೆ ತಳ್ಳಬೇಕಿತ್ತು. ಗಿರಣಿಯವರು ಅವನ ಮೊಣಕಾಲನ್ನು ನೋಡಿದ್ದರು. ಒಮ್ಮೆ ಅವರೇ ಹೇಳಿದರು, ‘ನೀ ಕಂಬ ಇಳಿದ ಮೇಲೆ ಅಲ್ಲಿಂದ್ಲೇ ಒಂದು ಕೂ ಹಾಕು. ನಾ ಹಾಕ್ತೀನಿ ಹ್ಯಾಂಡ್ಲು. ಅಷ್ಟಕ್ಕೆ ನೀ ಧರೆ ಹತ್ತದು ಬ್ಯಾಡ.’ ನಮ್ಮ ಕಡೆ ಗುಡ್ಡದಿಂದ ಗುಡ್ಡಕ್ಕೆ ಹಾಗೇ ಕರೆಯುವುದು. ಬಾಯಿಗೆ ಕೈ ಅಡ್ಡ ಹಿಡಿದು ಎಳೆದು ಕೂ ಎಂದರೆ ಆಚೆಯವರು ಕೂ ಎಂದು ಓಗೊಡುತ್ತಾರೆ. ಅವತ್ತಿನಿಂದ ಹಾಗೆ ನಡೆಯಿತು. ಮಾರನೆಯ ಬೆಳಿಗ್ಗೆ ಆಫೀಸಿನಲ್ಲಿ ಲೈನ್‌ಮನ್ ಎದ್ದು ನಿಂತು ಗಿರಣಿಯವರಿಗೆ ನಮಸ್ಕಾರ ಹೇಳಿದ. ಸಾಹೇಬರು ಚಪ್ಪಾಳೆ ತಟ್ಟಿದರು. ಜೊತೆಗಾರ ಕಿಟಕಿಯ ಹೊರಗೆ ನೋಡುತ್ತಿದ್ದ.

ಹ್ಯಾಂಡಲ್‌ಗೆ ಹಾಕಲು ಒಂದು ಬೀಗವಿತ್ತು. ಕೆಳಗೆ ಎಳೆದ ಮೇಲೆ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗುವುದು ನಿಯಮ. ಗಿರಣಿಯವರು ಹ್ಯಾಂಡಲ್ ಹಾಕತೊಡಗಿದ ಮೇಲೆ ಬೀಗ ಬ್ಯಾಗಿನಲ್ಲೇ ಉಳಿಯಿತು. ಒಂದು ದಿನ ನಾನು ಗಿರಣಿಯ ಮೀಟರ್ ನೋಡಲು ಹೋದಾಗ ಧರೆಯ ಮೇಲೆ ಆ ಇಬ್ಬರ ಮಾತು ಕೇಳಿದೆ.

‘ಬೀಗ ಹಾಕು’ ಎಂದ ಜೊತೆಗಾರ.

‘ಹಾಕಿದ್ರೆ ಗಿರಣಿ ಅಣ್ಣ ಹ್ಯಾಂಗೆ ತೆಗೀತಾರೆ?’

‘ತೆಗೀಬಾರ್ದು ಅಂತ್ಲೇ ಬೀಗ.’

‘ಅವರ ಕಣ್ಣೆದುರಿಗೇ ಬೀಗ ಜಡಿಯದು ಅಂದ್ರೆ ಎಂತ ಅರ್ಥ? ನಿಮ್ಮ ಮೇಲೆ ನಂಬಿಕೆ ಇಲ್ಲ ಅಂದ ಹಾಗಲ್ಲನ? ನಮಗೆ ಉಪಕಾರ ಮಾಡೋರು ಅವರು.’

‘ಉಪಕಾರ ಮಾಡೋರು ತಪ್ಪು ಮಾಡಲ್ಲ ಅಂತ ಎಲ್ಲಿ ಬರ್ದಿದೆ?’

‘ನಿಂಗೆ ಜಗತ್ತಿನಾಗೆ ಒಳ್ಳೇದು ಒಂದೂ ಕಾಣಲ್ಲ ಮಾರಾಯ.’

ಜೊತೆಗಾರ ಸಾಮಾನು ಹೊತ್ತು ಧರೆ ಇಳಿದ. ಕೆಳಗೆ ಗಿರಣಿಯವರು ಕಾಫಿ ಲೋಟ ಹಿಡಿದು ತಲೆಯೆತ್ತಿ ನಗುತ್ತಿದ್ದರು. ಆ ನಗು ನೋಡಿದರೆ ನಾನೂ ಬೀಗ ಹಾಕುತ್ತಿರಲಿಲ್ಲವೇನೋ.

ಆಮೇಲಿನದು ಚಳಿಗಾಲದ ಒಂದು ಬೆಳಿಗ್ಗೆ. ಆ ದಿನ ನನಗೆ ಗುಡ್ಡದ ಆಚೆಯ ಮನೆಗಳ ಮೀಟರ್ ನೋಡುವುದಿತ್ತು. ಇಲಾಖೆಯ ಪಿಕಪ್ ಆ ಕಡೆ ಹೊರಟಿತ್ತು, ಅವರಿಬ್ಬರ ಜೊತೆ ಹತ್ತಿಕೊಂಡೆ. ಆಚೆಯ ಒಂದು ಕಂಬದಲ್ಲಿ ತಂತಿ ಕೂರುವ ಪಿಂಗಾಣಿ ಸೀಳಿತ್ತು, ಅದನ್ನು ಬದಲಿಸಬೇಕಿತ್ತು. ಗಿರಣಿಯ ಹತ್ತಿರ ನಿಲ್ಲಿಸಿ ಲೈನ್‌ಮನ್ ಧರೆ ಹತ್ತಿ ಹ್ಯಾಂಡಲ್ ಕೆಳಗೆ ಎಳೆದು ಬಂದ. ಬೀಗ ಹಾಕಲಿಲ್ಲ. ಸ್ವಿಚ್ಚಿಗಿಂತ ಮೊದಲೇ ಗಿರಣಿಯ ಲೈನು ಬೇರೆಯಾಗುವುದರಿಂದ ಗಿರಣಿಯ ಕರೆಂಟು ಹೋಗುವುದಿಲ್ಲ. ಗಿರಣಿ ಓಡುತ್ತಲೇ ಇತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆ ಹ್ಯಾಂಡಲ್ ಮೇಲೆ ಹೋಗುವುದರಿಂದ ಗಿರಣಿಯವರಿಗೆ ಸ್ವಂತಕ್ಕೆ ಏನೂ ಲಾಭವಿರಲಿಲ್ಲ.

ರಸ್ತೆ ಸುತ್ತಿ ಗಾಡಿಯಲ್ಲೇ ಗುಡ್ಡದ ಆಚೆ ಹೋದಾಗ ಮಂಜು ಇನ್ನೂ ಬಿಟ್ಟಿರಲಿಲ್ಲ. ಕಂಬದ ತುದಿ ಕಾಣುತ್ತಿತ್ತು, ಅದರಾಚೆಗಿನ ತಂತಿ ಕಾಣುತ್ತಿರಲಿಲ್ಲ. ಎರಡು ತಂತಿಗಳ ನಡುವೆ ಒಂದು ಬಾವಲಿ ಸತ್ತು ಒಣಗಿ ನೇತಾಡುತ್ತಿತ್ತು. ಲೈನ್‌ಮನ್ ಅದನ್ನು ನೋಡಿ, ‘ಪಾಪ. ಪಿಂಗಾಣಿ ಸೀಳಿದ್ರೂ ಇದೊಂದು ಬಿಟ್ರೆ ಬೇರೆ ಯಾರಿಗೂ ಎಂತದೂ ಆಗ್ಲಿಲ್ಲ ನೋಡು, ನಮ್ಮ ಪುಣ್ಯ’ ಎಂದ. ಜೊತೆಗಾರ ಉದ್ದ ಕೋಲಿನ ತುದಿಗೆ ಸರಪಳಿಯ ಕೊಕ್ಕೆ ಸಿಕ್ಕಿಸುತ್ತಿದ್ದ.

ಆ ಸರಪಳಿಯ ಕೆಲಸ ಇಷ್ಟು. ಮೂರು ತಂತಿಗೂ ಕೊಕ್ಕೆ ಹಾಕಿ, ಇನ್ನೊಂದು ತುದಿಯನ್ನು ನೆಲದಲ್ಲಿ ಹೂತ ಕಬ್ಬಿಣದ ಸರಳಿಗೆ ಬಿಗಿಯುತ್ತಾರೆ. ತಪ್ಪಿ ಲೈನಿಗೆ ಕರೆಂಟು ಬಂದರೆ ಅದು ಮನುಷ್ಯನನ್ನು ಬಿಟ್ಟು ಸರಪಳಿಯಲ್ಲಿ ಇಳಿದು ನೆಲಕ್ಕೆ ಹೋಗಲಿ ಎಂದು. ಹಾಕುವುದಕ್ಕೆ ಹೊತ್ತು ಹಿಡಿಯುತ್ತದೆ. ಹಾಕದೆ ಹತ್ತುವವರು ಇದ್ದಾರೆ.

‘ಹ್ಯಾಂಡ್ಲು ಕೆಳಗೇ ಇದೆ. ನಾನೇ ಎಳೆದು ಬಂದಿದೀನಿ. ಮತ್ತೆ ಇದೆಂತಕ್ಕೆ?’ ಎಂದ ಲೈನ್‌ಮನ್.

‘ನೀ ಎಳೆದಾಗ ಕೆಳಗಿತ್ತು. ಈಗ ಎಲ್ಲಿದೆ ಅಂತ ನಿಂಗೆ ಇಲ್ಲಿಂದ ಕಾಣ್ತದ?’

‘ಅಣ್ಣ ಇದಾರಲ್ಲ ಅಲ್ಲಿ.’

‘ಅದಕ್ಕೇ ಹಾಕ್ತಿದೀನಿ. ಹಾಕಿದ ಮೇಲೆ ಹತ್ತು. ಇಲ್ದಿದ್ರೆ ನಾ ಮನೆಗೆ ಹೋಗ್ತೀನಿ.’

ಲೈನ್‌ಮನ್ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಕಾದ. ಸರಪಳಿ ಬಿದ್ದ ಮೇಲೆ ಹತ್ತಿದ. ಬೆಲ್ಟು ಬಿಗಿದುಕೊಂಡು ಹಳೆಯ ಪಿಂಗಾಣಿ ಬಿಚ್ಚಿದ. ತಂದಿದ್ದ ಹೊಸತನ್ನು ಕೂರಿಸಲು ನೋಡಿದರೆ ಅದರ ತಿರುಪು ಕೂರಲಿಲ್ಲ. ಬೇರೆ ಬೇಕಾಯಿತು. ಇಳಿದು ಹತ್ತಿದರೆ ಮೊಣಕಾಲಿಗೆ ಕಷ್ಟ, ಹಾಗಾಗಿ ಮೇಲಿಂದಲೇ ಪಿಕಪ್ಪಿನವನಿಗೆ ಕೂಗಿ ಹೇಳಿದ, ಹೊಸನಗರಕ್ಕೆ ಹೋಗಿ ಇನ್ನೊಂದು ತಾ ಎಂದು. ಪಿಕಪ್ ಹೋಯಿತು. ಲೈನ್‌ಮನ್ ಕಂಬದ ಮೇಲೆಯೇ ಬೆಲ್ಟಿಗೆ ಒರಗಿ, ತಂತಿಯ ಕಟ್ಟುಗಳನ್ನು ಸರಿಮಾಡುತ್ತ ಉಳಿದ.

‘ಗಾಡಿ ಕಳಿಸಬಾರ್ದಿತ್ತು’ ಎಂದ ಜೊತೆಗಾರ.

‘ಯಾಕೆ?’ ಎಂದೆ ನಾನು.

‘ಸುಮ್ನೆ. ಗಾಡಿ ಹೋತು ಅಂದ್ರೆ ಕೆಲಸ ಮುಗೀತು ಅನ್ಕೊಳ್ತಾರೆ ಜನ.’

ಅವನು ಅದನ್ನು ಭವಿಷ್ಯ ಹೇಳುವ ಹಾಗೆ ಹೇಳಲಿಲ್ಲ. ಯಾವಾಗಲೂ ಗೊಣಗುವ ದನಿಯಲ್ಲೇ ಹೇಳಿದ. ನಾನೂ ಯಾವಾಗಲಿನಂತೆಯೇ ಕೇಳಿಸಿಕೊಂಡೆ. ಮಂಜು ಸ್ವಲ್ಪ ಸರಿದಿತ್ತು. ನಾನು ಆಚೆಯ ಮನೆಗಳ ಕಡೆ ಹೊರಡೋಣ ಎಂದು ಬ್ಯಾಗು ಹೆಗಲಿಗೆ ಹಾಕಿಕೊಂಡೆ.

ಆಗ ಆದದ್ದನ್ನು ನಾನು ಎಷ್ಟು ಸಲ ನೆನಪು ಮಾಡಿಕೊಂಡರೂ ಅದೇ ಕ್ರಮದಲ್ಲಿ ಬರುತ್ತದೆ. ಮೊದಲು ಬೆಳಕು. ಮಂಜೆಲ್ಲ ಒಮ್ಮೆ ನೀಲಿಯಾಯಿತು. ಆಮೇಲೆ ಸದ್ದು, ಎದೆಗೇ ಹೊಡೆದ ಹಾಗೆ. ಆಮೇಲೆ ಸರಪಳಿ ನೆಲದ ಮೇಲೆ ಹಾವಿನಂತೆ ಎದ್ದು ಬಿತ್ತು, ಅದರ ಒಂದು ಕೊಕ್ಕೆ ಸುಟ್ಟು ಕಳಚಿ ಕೆಂಪಗೆ ಹುಲ್ಲಿನಲ್ಲಿ ಬಿದ್ದು ಹೊಗೆಯಾಡಿತು. ಇಷ್ಟಾದ ಮೇಲೆ ನಾನು ಮೇಲೆ ನೋಡಿದ್ದು. ಲೈನ್‌ಮನ್ ಬೆಲ್ಟಿನಲ್ಲಿ ಜೋತುಬಿದ್ದಿದ್ದ. ತಲೆ ಒಂದು ಕಡೆಗೆ ವಾಲಿತ್ತು.

ನಾನು ಕಂಬದ ಕಡೆಗೆ ಓಡಿದೆ. ಜೊತೆಗಾರ ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದ.

‘ಮುಟ್ಟಬೇಡ. ಕೇಳು ಇಲ್ಲಿ. ಲೈನು ಚಾಲು ಮಾಡಿದಾರೆ. ಅದು ಕರೆಂಟ್ ಸ್ಟೇಷನ್ನಾಗೆ ತಾನಾಗೇ ಟ್ರಿಪ್ ಆಗಿ ಬಂದ್ ಬಿದ್ದಿದೆ. ಅಲ್ಲಿರೋನಿಗೆ ನಾವಿಲ್ಲಿ ಇರದು ಗೊತ್ತಿಲ್ಲ. ಸ್ವಲ್ಪ ಹೊತ್ತು ನೋಡಿ ಅವನು ಮತ್ತೆ ಹಾಕ್ತಾನೆ. ಸರಪಳಿ ಹೋತು, ಇನ್ನೊಂದ್ಸಲ ಬಂದ್ರೆ ಇವನು ಇಲ್ಲ. ನೀ ಓಡು. ಹ್ಯಾಂಡ್ಲು ಕೆಳಗೆ ಎಳಿ. ಎಳೆದ ಮೇಲೆ ಕತ್ತೆತ್ತಿ ನೋಡು, ಮೂರೂ ಕೈ ಬಿಟ್ಕೊಂಡಿದಾವ ಅಂತ. ನೋಡದೆ ಕೂ ಹಾಕಬೇಡ. ನಿನ್ನ ಕೂ ಕೇಳಿದ ಮೇಲೆ ನಾ ಹತ್ತದು.’

ಅವನ ದನಿ ಏರಲಿಲ್ಲ. ಆಫೀಸಿನಲ್ಲಿ ಕಂಬ ವಾಲಿದೆ ಎಂದು ಹೇಳುವ ದನಿಯೇ. ಹೇಳಿ ಮುಗಿಸಿ ನನ್ನ ಅಂಗಿ ಬಿಟ್ಟ.

ನಾನು ಓಡಿದೆ. ಗುಡ್ಡದ ಒಳದಾರಿ, ಎರಡೂ ಕಡೆ ಲಂಟಾನದ ಮುಳ್ಳು. ಕಂಬದ ಮೇಲಿದ್ದವನ ತಲೆ ವಾಲಿದ ರೀತಿ ಕಣ್ಣ ಮುಂದಿತ್ತು. ಗುಡ್ಡದ ನೆತ್ತಿಯಲ್ಲಿ ಎದುರಿಗೆ ಗಿರಣಿಯವರು ಸಿಕ್ಕಿದರು. ಒಂದು ಕೈಯಲ್ಲಿ ಕಾಫಿಯ ಫ್ಲಾಸ್ಕು, ಇನ್ನೊಂದರಲ್ಲಿ ಒಂದರೊಳಗೊಂದು ಇಟ್ಟ ಸ್ಟೀಲಿನ ಲೋಟಗಳು. ಮುಖದಲ್ಲಿ ಅದೇ ನಗು.

‘ಓ, ಬಿಲ್ಲಿನೋರೂ ಇದೀರ. ಗಾಡಿ ವಾಪಸ್ ಹೋಗದು ಕಂಡೆ. ಕೆಲಸ ಮುಗೀತಲ್ಲ ಅಂತ ನಾನೇ ಹ್ಯಾಂಡ್ಲು ಹಾಕಿದೆ. ಪಾಪ, ಅವನ ಕಾಲಿಗೆ ಧರೆ ಹತ್ತದು ಆಗಲ್ಲ. ಈ ಸಲ ಕೂ ಹಾಕೋ ತ್ರಾಸೂ ಬ್ಯಾಡ ಅಂತ. ಹಾಕಿದ ಕೂಡ್ಲೆ ಮೇಲೆ ಚಟ್ ಅಂತ ಬೆಂಕಿ ಹಾರ್ತು. ನಮ್ಮ ಗಿರಣೀನೂ ನಿಂತು ಹೋತು. ಇನ್ನೂ ಎಲ್ಲೋ ಫಾಲ್ಟ್ ಉಳಿದಿದೆ ಅನ್ಸ್ತದೆ, ಹೇಳಿ ಅವನಿಗೆ.’

ನಾನು ನಿಲ್ಲಲಿಲ್ಲ. ದಾಟಿ ಓಡುತ್ತ ಹೇಳಿದೆ, ‘ಅವನು ಇನ್ನೂ ಕಂಬದ ಮೇಲಿದಾನೆ.’

ಹಿಂದೆ ಲೋಟಗಳು ಕಲ್ಲಿನ ಮೇಲೆ ಬಿದ್ದು ಉರುಳಿದ ಸದ್ದು ಕೇಳಿಸಿತು. ಆಮೇಲೆ ನನ್ನ ಹಿಂದೆ ಕಾಲಿನ ಸದ್ದು.  ಧರೆಯ ಬುಡದಲ್ಲಿ ನಾನು ಜಾರಿ ಮಂಡಿಯೂರಿದಾಗ ಅವರು ನನ್ನನ್ನು ದಾಟಿ ಮೇಲೆ ಹೋದರು, ತಿರುಗಿ ನನ್ನ ಕೈ ಹಿಡಿದು ಎಳೆದುಕೊಂಡರು. ಇಬ್ಬರೂ ಸೇರಿ ಹ್ಯಾಂಡಲ್ ಹಿಡಿದೆವು. ಅದು ಮೊದಲಿಗೆ ಅಲುಗಲಿಲ್ಲ. ಮೇಲೆ ಕಿಡಿ ಹಾರಿದಾಗ ಎಲ್ಲೋ ಹಿಡಿದುಕೊಂಡಿತ್ತು. ಗಿರಣಿಯವರು ಅದಕ್ಕೆ ಪೂರ್ತಿ ಮೈಭಾರ ಬಿಟ್ಟು ಜೋತುಬಿದ್ದರು. ಕಿರ್ ಎಂದು ಕೆಳಗೆ ಬಂತು.

ಕತ್ತೆತ್ತಿ ನೋಡಿದೆ. ಒಂದು ಕೈ ಬಿಟ್ಟಿತ್ತು. ಎರಡನೆಯದೂ ಬಿಟ್ಟಿತ್ತು. ಮೂರನೆಯದಕ್ಕೆ ಮರದ ಕೊಂಬೆಯೊಂದು ಅಡ್ಡ ಬಂದಿತ್ತು, ಸರಿಯಾಗಿ ಕಾಣುತ್ತಿರಲಿಲ್ಲ. ನಾನು ಪಕ್ಕಕ್ಕೆ ಸರಿದು, ಮತ್ತೂ ಸರಿದು, ಧರೆಯ ಅಂಚಿಗೆ ಹೋಗಿ ನೋಡಿದೆ. ಬಿಟ್ಟಿತ್ತು. ನಡುವೆ ಆಕಾಶ ಕಾಣುತ್ತಿತ್ತು.

ಬಾಯಿಗೆ ಕೈ ಅಡ್ಡ ಹಿಡಿದು ಕೂ ಹಾಕಿದೆ.   ಆಚೆಯಿಂದ ಉತ್ತರವಿಲ್ಲ. ಮತ್ತೆ ಹಾಕಿದೆ. ಆಗ ಗುಡ್ಡದ ಆಚೆಯಿಂದ, ಬಹಳ ದೂರದಿಂದ ಬಂದ ಹಾಗೆ, ಒಂದು ಕೂ ಬಂತು.

ಅದು ಕಿವಿಗೆ ಬೀಳುತ್ತಿದ್ದ ಹಾಗೆ, ಕೆಳಗೆ ಗಿರಣಿಯ ಬಾಗಿಲ ಮೇಲಿನ ಬಲ್ಬು ಹತ್ತಿಕೊಂಡಿತು.

ಸ್ಟೇಷನ್ನಿನವನು ಲೈನು ಮತ್ತೆ ಹಾಕಿದ್ದ. ನಾವಿಬ್ಬರೂ ಆ ಬಲ್ಬನ್ನು ನೋಡಿದೆವು. ಹಗಲಿನ ಬೆಳಕಿನಲ್ಲಿ ಅದು ಹತ್ತಿದ್ದೇ ಸರಿಯಾಗಿ ಗೊತ್ತಾಗುವಂತಿರಲಿಲ್ಲ. ಗಿರಣಿಯವರು ಹ್ಯಾಂಡಲ್ ಬಿಟ್ಟಿರಲಿಲ್ಲ. ಎರಡೂ ಕೈಯಲ್ಲಿ ಅದನ್ನು ಕೆಳಗೆ ಒತ್ತಿ ಹಿಡಿದು ಅಲ್ಲೇ ನೆಲಕ್ಕೆ ಕೂತರು. ನಾನು ಬಿಡಿಸಲು ನೋಡಿದೆ. ಬಿಡಲಿಲ್ಲ. ‘ಬೀಗ ತನ್ನಿ’ ಎಂದರು. 

ಲೈನ್‌ಮನ್ ಬದುಕಿದ. ಸರಪಳಿ ಹೆಚ್ಚಿನದನ್ನು ನೆಲಕ್ಕೆ ಎಳೆದುಕೊಂಡಿತ್ತು. ಅವನಿಗೆ ತಾಗಿದ್ದು ಉಳಿದ ಸ್ವಲ್ಪ. ಎಡಗೈ ಸುಟ್ಟಿತ್ತು, ಹುಬ್ಬು ಕೂದಲು ಹೋಗಿತ್ತು, ಜೊತೆಗಾರ ಹತ್ತಿ ಇಳಿಸುವಷ್ಟರಲ್ಲಿ ಪ್ರಜ್ಞೆ ಬಂದಿತ್ತು. ಅಷ್ಟರಲ್ಲಿ ಪಿಕಪ್ ಪಿಂಗಾಣಿ ತೆಗೆದುಕೊಂಡು ವಾಪಸು ಬಂದಿತ್ತು. ಅದರಲ್ಲೇ ಅವನನ್ನು ಹೊಸನಗರಕ್ಕೆ, ಅಲ್ಲಿಂದ ತೀರ್ಥಹಳ್ಳಿಗೆ ಕರೆದುಕೊಂಡು ಹೋದೆವು. ಗಿರಣಿಯವರು ಹಿಂದೆ ಬಸ್ಸಿನಲ್ಲಿ ಬಂದರು. ವಾರ್ಡಿನ ಒಳಗೆ ಬರಲಿಲ್ಲ. ಹೊರಗೆ ಕಟ್ಟೆಯ ಮೇಲೆ, ಹೆಂಡತಿ ಕಾಯಿಲೆಯಾಗಿದ್ದಾಗ ಕೂತಿದ್ದ ಜಾಗದಲ್ಲೇ ಕೂತಿದ್ದರು. ಅವರ ಹೆಂಡತಿಯೂ ಬಂದಿದ್ದರು. ಆಕೆ ಒಳಗೆ ಬಂದು ಮಂಚದ ಪಕ್ಕ ನಿಂತು, ‘ತಮ್ಮಾ, ಅವರು ಊಟ ಮಾಡ್ತಿಲ್ಲ’ ಎಂದರು.

ಲೈನ್‌ಮನ್ ಮೇಲಿನ ಫ್ಯಾನು ನೋಡುತ್ತ ಮಲಗಿದ್ದ. ‘ಅಣ್ಣನಿಗೆ ಒಳಗೆ ಬರಕ್ಕೆ ಹೇಳಿ ಅಕ್ಕ’ ಎಂದ.

ಅವರು ಬಂದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

‘ನಿಂಗೆ ಒಳ್ಳೇದಾಗ್ಲಿ ಅಂತ ಮಾಡಿದ್ದು’ ಎಂದರು ಗಿರಣಿಯವರು.

‘ಗೊತ್ತು.’

‘ನಿನ್ನ ಕಾಲು ನೋಯ್ತದೆ ಅಂತ.’

‘ಗೊತ್ತು ಅಣ್ಣ. ನಂಗೂ ಬೀಗ ಹಾಕಕ್ಕೆ ನಾಚಿಕೆ ಆಗ್ತಿತ್ತು.’

 ಜೊತೆಗಾರ ಕಿಟಕಿಯ ಹತ್ತಿರ ನಿಂತು ಕೇಳುತ್ತಿದ್ದ. ಗಿರಣಿಯವರು ಹೊರಗೆ ಹೋದ ಮೇಲೆ ಲೈನ್‌ಮನ್ ಅವನ ಕಡೆ ತಿರುಗಿದ. ಬಾಯಿ ತೆರೆದ. ಜೊತೆಗಾರ ಮೊದಲೇ ಹೇಳಿದ, ‘ನಂಗೆ ನಮಸ್ಕಾರ ಗಿಮಸ್ಕಾರ ಹೇಳಬೇಡ. ವಾಪಸ್ ಬಂದ ಮೇಲೆ ನಾ ಕಂಬ ಹತ್ತೋ ಸರದಿ ಬಂದಾಗ ಸರಪಳಿ ನೀನು ಹಾಕು. ಅಷ್ಟು ಮಾಡು ಸಾಕು.’

ಈಗಲೂ ಆಫೀಸಿನಲ್ಲಿ ಬೆಳಿಗ್ಗೆ ಒಳ್ಳೆಯ ಮಾತು ಹೇಳುವ ಪದ್ಧತಿ ಇದೆ. ಅದರ ಮೊದಲು ವಾಲಿದ ಕಂಬ, ಹರಿದ ಗ್ಲೌಸು ಎಲ್ಲ ಹೇಳಿ ಮುಗಿಯಬೇಕು ಎಂದು ಸಾಹೇಬರೇ ಹೇಳಿದ್ದಾರೆ. ಮೊದಲ ದಿನ ಜೊತೆಗಾರ ಹೇಳುತ್ತ ಹೋದ, ಯಾರೂ ನಗಲಿಲ್ಲ. ಅವನನ್ನು ಅಪಶಕುನ ಎಂದು ಕರೆಯುವುದೂ ನಿಂತಿದೆ. ಅದರಿಂದ ಅವನಿಗೆ ಖುಷಿಯಾದ ಲಕ್ಷಣವೇನೂ ಕಾಣಲಿಲ್ಲ.

ನನ್ನ ಅಭ್ಯಾಸವನ್ನೂ ನಾನು ಬಿಟ್ಟಿಲ್ಲ. ಮಲಗುವ ಮೊದಲು ನೆನೆಯುತ್ತೇನೆ. ಆದರೆ ಅದು ಮೊದಲಿನ ಹಾಗೆ ಸಮಾಧಾನ ಕೊಡುವುದಿಲ್ಲ. ಯಾರನ್ನು ನೆನೆದರೂ ಅವರಿಗಾಗಿ ನಾನು ಕತ್ತೆತ್ತಿ ನೋಡಬೇಕಾದದ್ದು ಏನಾದರೂ ಉಳಿದಿದೆಯೇ ಎಂಬ ಯೋಚನೆ ಜೊತೆಗೇ ಬರುತ್ತದೆ. ಒಮ್ಮೊಮ್ಮೆ ಎದ್ದು ಹೋಗಿ ಗ್ಯಾಸಿನ ಗುಂಡಿ ಮುಟ್ಟಿ ನೋಡಿ ಬರುತ್ತೇನೆ. ಹೆಂಡತಿ ನಗುತ್ತಾಳೆ. ನಮ್ಮ ಮೇಲೆ ಪ್ರೀತಿಯಿರುವವರ ಕೈಯೇ ನಮ್ಮ ಹ್ಯಾಂಡಲ್ ಮೇಲೆ ಇರುತ್ತದೆ ಎಂಬುದನ್ನು ಅವಳಿಗೆ ಹೇಗೆ ಹೇಳುವುದೆಂದು ಗೊತ್ತಾಗಿಲ್ಲ.

ಲೈನ್‌ಮನ್ ಕೆಲಸಕ್ಕೆ ಮರಳಿದ ಮೇಲೆ ಒಮ್ಮೆ ಆ ಕಡೆ ಹೋಗಿದ್ದೆವು. ಗಿರಣಿ ನಿಲ್ಲಿಸಿದ್ದರು. ನಮ್ಮ ಗಾಡಿಯ ಸದ್ದು ಕೇಳಿ ನಿಲ್ಲಿಸಿದ್ದೆಂದು ಆಮೇಲೆ ತಿಳಿಯಿತು. ಲೈನ್‌ಮನ್ ಧರೆ ಹತ್ತಲು ಹೊರಟಾಗ ಗಿರಣಿಯವರೂ ಜೊತೆಗೆ ಹತ್ತಿದರು, ಅವನ ತೋಳು ಹಿಡಿದುಕೊಂಡು. ಅವನು ಹ್ಯಾಂಡಲ್ ಎಳೆದ. ಬೀಗ ಹಾಕಿದ. ಕೀಲಿ ತೆಗೆದು ಕೊರಳಿನ ದಾರಕ್ಕೆ ಪೋಣಿಸಿಕೊಂಡು, ‘ಅಣ್ಣ, ಮೇಲೆ ತಳ್ಳಿ ನೋಡಿ’ ಎಂದ.

ಗಿರಣಿಯವರು ಹ್ಯಾಂಡಲ್ ಮುಟ್ಟಲು ಹಿಂಜರಿದರು. ಆಮೇಲೆ ಎರಡೂ ಕೈಯಲ್ಲಿ ಹಿಡಿದು, ಬಲವೆಲ್ಲ ಹಾಕಿ ಮೇಲಕ್ಕೆ ತಳ್ಳಿದರು. ಅಲುಗಲಿಲ್ಲ. ಮತ್ತೆ ತಳ್ಳಿದರು. ಅಲುಗಲಿಲ್ಲ. ಅವರ ಹಣೆಯಲ್ಲಿ ಬೆವರು ಬಂದಿತ್ತು.

‘ಕಾಫಿ ಕುಡಿದು ಹೋಗ್ತೀಯ?’ ಎಂದು ಕೇಳಿದರು.

‘ಕಂಬದ ಕೆಲಸ ಮುಗಿದ ಮೇಲೆ ನಾನೇ ಬರ್ತೀನಿ’ ಎಂದ ಲೈನ್‌ಮನ್. ‘ನೀವು ಆ ಕಡೆ ಬರಬೇಡಿ.’

ಕೆಳಗೆ ಜೊತೆಗಾರ ಸರಪಳಿಯನ್ನು ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದ. ಅವತ್ತು ಹತ್ತುವವನು ಅವನು. ಲೈನ್‌ಮನ್ ಇಳಿದು ಬಂದು, ಅವನ ಹೆಗಲಿನಿಂದ ಸರಪಳಿ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ. ಹೊರಡುವ ಮೊದಲು ಮೂವರೂ ತಲೆಯೆತ್ತಿ ಮೇಲಿನ ಕೈಗಳನ್ನು ನೋಡಿದೆವು. ಮೂರೂ ಬಿಟ್ಟಿದ್ದವು. ಆದರೂ ಯಾರೂ ಬೇಗ ಕಣ್ಣು ತೆಗೆಯಲಿಲ್ಲ. ಗುಡ್ಡದ ನೆತ್ತಿಯಿಂದ ತಿರುಗಿ ನೋಡಿದಾಗ ಗಿರಣಿಯವರು ಧರೆಯ ಮೇಲೆಯೇ, ಹ್ಯಾಂಡಲ್ಲಿಗೆ ಬೆನ್ನು ಮಾಡಿ ಕೂತಿದ್ದರು, ಬರುವ ದಾರಿಯನ್ನು ಕಾಯುವವರ ಹಾಗೆ.